ಹಾಡು ಉಳಿದರೆ ಸಾಕೆ?

ಹಾಡು ಜನರ ನಾಲಗೆಯ ಮೇಲೆ ಉಳಿಯುವುದಕ್ಕಿಂತ ಹಿರಿದಾದ ಕೀರ್ತಿ ಕವಿಗೆ ಬೇರೆಯಿಲ್ಲ ಎನ್ನುವುದುಂಟು. ಕೊಡಗಿನ ಹರದಾಸ ಅಪ್ಪಚ್ಚಕವಿಯವರ (1868–1944) ಮಟ್ಟಿಗೆ ಈ ಮಾತು ಅರ್ಧಸತ್ಯ. ಕೊಡವ ನುಡಿಯಲ್ಲಿ ‘ಯಯಾತಿ’, ‘ಸಾವಿತ್ರಿ’, ‘ಸುಬ್ರಹ್ಮಣ್ಯ’, ‘ಕಾವೇರಿ’ ನಾಟಕಗಳನ್ನು ರಚಿಸಿದ ಅವರ ಗೀತೆ ಕೊಡವರ ಸಮಾರಂಭಗಳಲ್ಲಿ ಇಂದಿಗೂ ಮೊಳಗುತ್ತದೆ. ನನ್ನ ಬಾಲ್ಯದಲ್ಲಿ ಅದನ್ನು ಕಲಿಯಲು ಪುಸ್ತಕ ಬೇಕಿರಲಿಲ್ಲ. ಹಿರಿಯರ ಬಾಯಿಂದ ಕೇಳಿದ್ದೇ ಸಾಕಾಗಿತ್ತು.

ಆ ಮನೆಮಾತು ಈಗ ಸೊರಗುತ್ತಿದೆ. ಕೊಡವವನ್ನು ಮಾತೃಭಾಷೆಯೆಂದು ಜನಗಣತಿಯಲ್ಲಿ ಬರೆಸಿದವರು 2001ರಲ್ಲಿ 1,66,187, 2011ರಲ್ಲಿ 1,13,857. ಬರೆಸುವ ಕ್ರಮದಲ್ಲಿ ವ್ಯತ್ಯಾಸವಾಗಿದೆಯೆಂದು ಒಪ್ಪಿದರೂ ಈ ಕುಸಿತ ಅಲಕ್ಷಿಸುವಂಥದಲ್ಲ.

1994ರಿಂದ ಕೊಡವ ಸಾಹಿತ್ಯ ಅಕಾಡೆಮಿಯಿದೆ. ಅದರ ಅಗತ್ಯವೂ ಇದೆ. ಆದರೆ ದೀರ್ಘಕಾಲ ಸರ್ಕಾರಿ ಕಡತಗಳ ನಡುವೆ ಬದುಕಿದ ನಾನು ಬಲ್ಲೆ: ಅನುದಾನ ಪುಸ್ತಕ ಮುದ್ರಿಸಬಲ್ಲದು, ಉತ್ಸವ ನಡೆಸಬಲ್ಲದು, ಮಗುವಿನೊಡನೆ ಮಾತನಾಡಲಾರದು. ಆ ಹೊಣೆ ತಂದೆತಾಯಿಯರದು. ಕೊಡಗಿನಲ್ಲೂ ಬೆಂಗಳೂರಿನಲ್ಲೂ ಇರುವ ಕೊಡವ ಸಮಾಜಗಳು ವರ್ಷಕ್ಕೊಮ್ಮೆ ಅಪ್ಪಚ್ಚಕವಿಯವರ ಒಂದು ನಾಟಕವನ್ನು ಮಕ್ಕಳಿಂದಲೇ ಆಡಿಸಲಿ. ಅರ್ಥವರಿಯದೆ ಹಾಡಿದ ಗೀತೆಯಿಂದ ಸಭೆಗೆ ಶೋಭೆ ಬಂದೀತು. ಕವಿಯ ನುಡಿ ಉಳಿಯದು.