ಉಪಗೂಹನವೆಂದರೆ ಮೌನವಲ್ಲ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಐದನೆಯದು ಉಪಗೂಹನ. ಅರಿವಿಲ್ಲದವರಿಂದಲೋ ಅಶಕ್ತರಿಂದಲೋ ಧರ್ಮಮಾರ್ಗಕ್ಕೆ ಬಂದ ನಿಂದೆಯನ್ನು ನಿವಾರಿಸುವುದೇ ಉಪಗೂಹನವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಪರರ ದೋಷವನ್ನು ಬೀದಿಗೆ ತಂದು ಆಡಿಕೊಳ್ಳಬಾರದೆಂಬ ನಡತೆಯೂ ಇದರಿಂದಲೇ ಬಂದಿದೆ. ಇಂತಹ ಉದಾತ್ತ ಗುಣವನ್ನು ನಾವು ಒಂದೆಡೆ ತಪ್ಪಾಗಿ ಬಳಸುತ್ತಿದ್ದೇವೆ. ಮನೆಯ ಮಗುವಿನ ಮೇಲೆ ಬಂಧುವೋ ಪರಿಚಿತನೋ ದೌರ್ಜನ್ಯವೆಸಗಿದಾಗ, ಮನೆತನದ ಮಾನ ಹೋದೀತೆಂದು ಎಲ್ಲವನ್ನೂ ಮುಚ್ಚಿಬಿಡುತ್ತೇವೆ.

ಅಧ್ಯಾಪಕನಾಗಿದ್ದ ಕಾಲದ ನೆನಪೊಂದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಚುರುಕಾಗಿದ್ದ ಬಾಲಕಿಯೊಬ್ಬಳು ಇದ್ದಕ್ಕಿದ್ದಂತೆ ಮಾತು ಬಿಟ್ಟಳು. ಪದೇ ಪದೇ ಹೊಟ್ಟೆನೋವು, ರಜೆ, ಅಂಕಗಳೂ ಕುಸಿದವು. ಆಕೆಯ ತಾಯಿ ಕಾರಣವನ್ನು ಅರ್ಧ ಹೇಳಿ ಅತ್ತರು. "ಪೂರ್ವಕರ್ಮದ ಫಲ ತಾಯಿ, ಸಹಿಸಿಕೊಳ್ಳಿ. ಯಾರಲ್ಲೂ ಹೇಳಬೇಡಿ" ಎಂದೆ. ಸಾಂತ್ವನ ಹೇಳಿದೆನೆಂದೇ ಭಾವಿಸಿದ್ದೆ. ಎಷ್ಟೋ ವರ್ಷಗಳ ನಂತರ ಆಕೆ ಎದುರಾದಳು. "ಅವತ್ತು ನೀವು ಹೇಳಿದ್ದನ್ನ ಅಮ್ಮ ನನಗೂ ಹೇಳಿದ್ರು ಸಾರ್. ತಪ್ಪು ನನ್ನದೇ ಅಂದ್ಕೊಂಡೇ ಬೆಳೆದೆ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಕರ್ಮಸಿದ್ಧಾಂತವನ್ನು ನಾನು ಅಂದು ತಿರುಚಿ ಹೇಳಿದ್ದೆ. ಪರರಿಗೆ ದುಃಖ, ಶೋಕ, ಆಕ್ರಂದನ ತಂದೊಡ್ಡುವವನಿಗೆ ಅಸಾತಾವೇದನೀಯ ಕರ್ಮದ ಆಸ್ರವವಾಗುತ್ತದೆಂದು ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಪಾಪದ ಹೊಣೆ ಕಷಾಯವಶನಾಗಿ ನೋಯಿಸಿದವನದು, ನೊಂದ ಮಗುವಿನದಲ್ಲ. ಪೂರ್ವಕರ್ಮದ ಚಿಂತನೆ ನಮ್ಮ ಕಷ್ಟವನ್ನು ನಾವು ಸಮಭಾವದಿಂದ ಎದುರಿಸಲು ಇರುವುದೇ ಹೊರತು ಪರರ ಗಾಯಕ್ಕೆ ಕಾರಣ ಹಚ್ಚಲು ಅಲ್ಲ. ಹಿಂಸೆಗೆ ಕೃತ, ಕಾರಿತ, ಅನುಮೋದಿತವೆಂಬ ಮೂರು ದಾರಿಗಳಿವೆ. ತಿಳಿದೂ ಸುಮ್ಮನಿರುವುದು ಮೂರನೆಯ ದಾರಿಗೆ ಬಹಳ ಹತ್ತಿರ.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತನಾಡಿಸಿದ ಮಕ್ಕಳ ಪೈಕಿ ಅರ್ಧಕ್ಕೂ ಹೆಚ್ಚು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದರು. ಬಹುಪಾಲು ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳದ ನೋವು ನಿದ್ರಾಹೀನತೆಯಾಗಿ, ಭಯವಾಗಿ, ತನ್ನ ದೇಹದ ಮೇಲೆ ತನಗೇ ಹೇಸಿಗೆಯಾಗಿ ಉಳಿಯುತ್ತದೆ. ಎಷ್ಟೋ ಮಂದಿಗೆ ಪ್ರೌಢ ವಯಸ್ಸಿನಲ್ಲಿ ಖಿನ್ನತೆಯಾಗಿ, ದಾಂಪತ್ಯದಲ್ಲಿ ಅಪನಂಬಿಕೆಯಾಗಿ ಕಾಡುತ್ತದೆ.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂತಹ ನಮ್ಮ ಊರುಗಳಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಹಾಸನವೂ ಇದಕ್ಕೆ ಹೊರತಲ್ಲ. ಮಗುವಿನ ಹೆಸರು ಹೊರಬಿದ್ದೀತೆಂಬ ಅಳುಕು ಸಹಜ. ಆದರೆ 2012ರ ಪೋಕ್ಸೋ ಕಾಯ್ದೆ ಮಗುವಿನ ಗುರುತನ್ನು ಮಾಧ್ಯಮಗಳು ಬಹಿರಂಗಪಡಿಸುವುದನ್ನು ನಿಷೇಧಿಸಿದೆ. ಅದೇ ಕಾಯ್ದೆ, ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು ವಿಧಿಸಿದೆ. ತಿಳಿಸದಿದ್ದರೆ ಶಿಕ್ಷೆಯೂ ಉಂಟು. ಮಗುವಿನ ಹೆಸರನ್ನು ಕಾಪಾಡಿ ಅಪರಾಧವನ್ನು ಬೆಳಕಿಗೆ ತರುವುದು, ಇದು ಉಪಗೂಹನದ ಸರಿಯಾದ ಅರ್ಥಕ್ಕೂ ಒಪ್ಪುವ ಮಾತು. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ಲಭ್ಯ. ಬಾಲ್ಯದ ನೋವನ್ನು ಹೊತ್ತೇ ಬೆಳೆದವರು ಟೆಲಿ ಮನಸ್ 14416ಕ್ಕೆ ಕರೆಮಾಡಬಹುದು.

ಉಪಗೂಹನದ ಬೆನ್ನಿಗೇ ಆಚಾರ್ಯರು ಸ್ಥಿತಿಕರಣ, ವಾತ್ಸಲ್ಯಗಳನ್ನು ಹೇಳಿದ್ದಾರೆ. ಶ್ರದ್ಧೆಯಿಂದ ಜಾರುತ್ತಿರುವವರನ್ನು ಮತ್ತೆ ನೆಲೆನಿಲ್ಲಿಸುವುದು ಸ್ಥಿತಿಕರಣ. ನೊಂದ ಮಗು ಕಳೆದುಕೊಂಡಿರುವುದೂ ಮನುಷ್ಯರ ಮೇಲಿನ ನಂಬಿಕೆಯನ್ನೇ. "ನೀನು ಹೇಳಿದ್ದನ್ನು ನಂಬುತ್ತೇನೆ, ತಪ್ಪು ನಿನ್ನದಲ್ಲ" ಎಂಬ ಎರಡು ಮಾತು ಅದನ್ನು ಮರಳಿಸುವ ಮೊದಲ ಹೆಜ್ಜೆ. ಮುಂದಿನದಕ್ಕೆ ಮನೋವೈದ್ಯರ ನೆರವಿದೆ. ಅದನ್ನು ಪಡೆಯುವುದರಲ್ಲಿ ಅವಮಾನವಿಲ್ಲ. ಕರುವಿನೆಡೆಗೆ ಹಸು ಧಾವಿಸುವಂತಹ ವಾತ್ಸಲ್ಯ ಮಾತ್ರ ಮನೆಯಲ್ಲೇ ದೊರೆಯಬೇಕು.

ಕ್ಷಮಾವಾಣಿಯ ದಿನ, ಕ್ಷಮಿಸಿಬಿಡೆಂದು ನೊಂದವರನ್ನು ಒತ್ತಾಯಿಸುವುದೂ ಸಲ್ಲದು. ಅಂದು ಕ್ಷಮೆ ಬೇಡಬೇಕಾದವರು ನೋಯಿಸಿದವರು ಮತ್ತು ತಿಳಿದೂ ಸುಮ್ಮನಿದ್ದವರು. ಆ ಎರಡನೆಯ ಸಾಲಿನಲ್ಲಿ ನಾನೂ ಇದ್ದೇನೆ. ಅಂದು ನಾನು ಮಾಡದೆ ಹೋದದ್ದನ್ನು ಇದನ್ನು ಓದಿದವರಾದರೂ ಮಾಡಲಿ.