ಮಸೀದಿಯ ಮುಂದೆ ಕೂತ ತಾಯಿ

ಹೆತ್ತದ್ದೆಲ್ಲ ಹೆಣ್ಣು ಎಂಬ ಕಾರಣಕ್ಕೆ ಗಂಡ ಕೈಬಿಟ್ಟರೆ ಹೆಂಡತಿ ಯಾರಲ್ಲಿ ನ್ಯಾಯ ಕೇಳಬೇಕು? ಗಿರೀಶ ಕಾಸರವಳ್ಳಿಯವರ ‘ಹಸೀನಾ’ (2004) ಎತ್ತುವ ಪ್ರಶ್ನೆ ಇದು. ಹಾಸನದ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕತೆ ಚಿತ್ರಕ್ಕೆ ಮೂಲ. ಹಸೀನಾಳ ಪಾತ್ರ ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು.

ಹಸೀನಾಳ ಗಂಡ ಆಟೊ ಚಾಲಕ. ಇಂಥ ಸಂಸಾರ ನಮಗೆ ಹೊಸತಲ್ಲ. ಅಂದಂದಿನ ದುಡಿಮೆಯಲ್ಲೇ ಒಲೆ ಹೊತ್ತುವ ಮನೆಗಳು ಬಾಪೂಜಿ ನಗರದಲ್ಲೂ ಉಂಟು, ಎಲ್ಲ ಜಾತಿ ಮತಗಳಲ್ಲೂ ಉಂಟು. ಹಸೀನಾ ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿಯ ಮೊರೆಹೋಗುತ್ತಾಳೆ. ನ್ಯಾಯ ಸಿಗದಾಗ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆಯೇ ಕೂರುತ್ತಾಳೆ. ಆಕೆ ಧರ್ಮವನ್ನು ಬಿಟ್ಟು ಮಾತಾಡುವವಳಲ್ಲ. ಧರ್ಮ ತನಗೆ ಕೊಟ್ಟಿರುವುದನ್ನು ಕೊಡಿ ಎನ್ನುತ್ತಾಳೆ, ಅಷ್ಟೆ. ಮೂಲ ಕತೆಯಲ್ಲಿ ಆ ಹಕ್ಕುಗಳನ್ನು ತಾಯಿಗೆ ತಿಳಿಸಿಕೊಡುವವಳು ಓದು ಬಲ್ಲ ಇನ್ನೊಬ್ಬ ಹೆಂಗಸು. ಹೆಣ್ಣುಮಕ್ಕಳ ಓದು ನೌಕರಿಗಷ್ಟೇ ಎಂದುಕೊಂಡಿರುವ ಹೆತ್ತವರು ಇದನ್ನು ಗಮನಿಸಬೇಕು.

ಇದರ ಜೊತೆಗೆ ಇರಾನಿನ ಅಸ್ಗರ್ ಫರ್ಹಾದಿಯವರ ‘ಎ ಸೆಪರೇಷನ್’ (2011) ನೋಡಬೇಕು. ಪಾರ್ಸಿ ಭಾಷೆಯ ಈ ಚಿತ್ರಕ್ಕೆ 2012ರಲ್ಲಿ ಆಸ್ಕರ್ ಬಂತು. ಮಗಳ ಭವಿಷ್ಯಕ್ಕಾಗಿ ದೇಶ ಬಿಡೋಣ ಎನ್ನುತ್ತಾಳೆ ಸಿಮಿನ್. ಮರೆವಿನ ರೋಗದ ಅಪ್ಪನನ್ನು ಬಿಟ್ಟು ಬರಲಾರೆ ಎನ್ನುತ್ತಾನೆ ಗಂಡ ನಾದೆರ್. ಇಬ್ಬರ ಮಾತೂ ನ್ಯಾಯವೇ. ಇವರ ಜಗಳದ ನಡುವೆ ಸಿಕ್ಕಿಬೀಳುವವಳು ಮನೆಗೆಲಸದ ರಜಿಯೆ. ನಾದೆರ್ ತಳ್ಳಿದ್ದರಿಂದ ಗರ್ಭಪಾತವಾಯಿತೆಂದು ದೂರು. ಪರಿಹಾರದ ಹಣವೂ ಸಿದ್ಧ. ಕುರಾನಿನ ಮೇಲೆ ಆಣೆ ಇಡು ಎಂದಾಗ, ತನಗೇ ಸಂಶಯವಿರುವ ಮಾತಿಗೆ ಆಕೆ ಆಣೆ ಇಡಲಾರಳು. ಮನೆಯ ತುಂಬ ಸಾಲವಿದ್ದರೂ ಹಣ ಬೇಡವೆನ್ನುತ್ತಾಳೆ. ಹಸೀನಾಳಂತೆ ಇವಳೂ ಬಡವಿ. ದೊಡ್ಡವರಿಗೆ ಧರ್ಮ ಬಾಯಿಮಾತಾದಲ್ಲಿ, ಈ ಇಬ್ಬರಿಗೆ ಅದು ಬದುಕಿನ ಪ್ರಶ್ನೆ.

ವಿದ್ಯಾರ್ಥಿಗಳನ್ನು ಬಹುಕಾಲ ಕಾಡುವವಳು ಸಿಮಿನ್‌ಳ ಮಗಳು, ಹನ್ನೊಂದರ ತೆರ್ಮೆ. ಕೊನೆಗೆ ನ್ಯಾಯಾಧೀಶರು ಆಕೆಯನ್ನು ಕೇಳುತ್ತಾರೆ: ಅಪ್ಪನ ಜೊತೆಯೋ, ಅಮ್ಮನ ಜೊತೆಯೋ? ನಿರ್ಧರಿಸಿದ್ದೇನೆ ಎನ್ನುತ್ತಾಳೆ ಹುಡುಗಿ. ಅಪ್ಪ, ಅಮ್ಮ ಹೊರಗೆ ಕಾಯುತ್ತಾರೆ. ಉತ್ತರ ನಮಗೆ ಕೇಳಿಸುವುದಿಲ್ಲ.

ಹಿರಿಯರ ವ್ಯಾಜ್ಯದ ತೀರ್ಪನ್ನು ಮಗುವಿನ ಬಾಯಿಂದ ಹೊರಡಿಸುವುದು ಸರಿಯೇ? ಹೈಸ್ಕೂಲು ದಾಟಿದ ಮಕ್ಕಳೊಂದಿಗೆ ಕೂತು ಎರಡೂ ಚಿತ್ರ ನೋಡಿ. ಮುಗಿದ ಮೇಲೆ ಮೊದಲ ಮಾತು ಅವರದಾಗಲಿ.