ಪ್ರೊಸೆಸರ್ ಏರಿಸುವ ಹುಚ್ಚು, ಇಳಿಸುವ ಜಾಣತನ

ಕಾಲೇಜು ಸುರುವಾಗುವ ಹೊತ್ತಿಗೆ ನಮ್ಮ ನೆಹರು ನಗರದಲ್ಲಿ ಪ್ರತಿ ವರ್ಷ ಕೇಳಿಬರುವ ಪ್ರಶ್ನೆ ಒಂದೇ. "ಕಾಕಾ, ಯಾವ ಪ್ರೊಸೆಸರ್ ತಗೋಬೇಕ್ರಿ? ಓವರ್‌ಕ್ಲಾಕ್ ಆಗೂದ ತಗೊಳ್ಳೇನ್ರಿ?" ಕೇಳುವವರು ಇಂಜಿನಿಯರಿಂಗ್ ಹುಡುಗರು, ದುಡ್ಡು ಕೊಡುವವರು ಅವರ ಅಪ್ಪ! ಇಬ್ಬರಿಗೂ ನನ್ನ ಉತ್ತರ ಒಂದೇ: ಮನೆಯ ಕಂಪ್ಯೂಟರಿಗೆ ಇವತ್ತು ಓವರ್‌ಕ್ಲಾಕಿಂಗ್ ಬೇಡ. ಕೈ ಆಡಿಸಲೇಬೇಕು ಅಂತಿದ್ದರೆ ಏರಿಸಬೇಡಿ, ಇಳಿಸಿ.

ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ...

ಓವರ್‌ಕ್ಲಾಕಿಂಗ್ ಅಂದರೆ ಪ್ರೊಸೆಸರಿಗೆ ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಅದನ್ನು ಓಡಿಸುವುದು. ಒಂದು ಕಾಲಕ್ಕೆ ಇದರಲ್ಲಿ ನಿಜವಾದ ಲಾಭ ಇತ್ತು. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ನೆನಪಿದೆಯೇ? ಬಸ್ ವೇಗ 66 ಮೆಗಾಹರ್ಟ್ಸ್, ಅದರ ನಾಲ್ಕೂವರೆ ಪಟ್ಟು 300. ಮದರ್‌ಬೋರ್ಡಿನಲ್ಲಿ ಬಸ್ ವೇಗವನ್ನು 100ಕ್ಕೆ ಇಟ್ಟರೆ ಅಂಥ ಎಷ್ಟೋ ಚಿಪ್‌ಗಳು 450 ಮೆಗಾಹರ್ಟ್ಸಿನಲ್ಲಿ ಆರಾಮಾಗಿ ಓಡುತ್ತಿದ್ದವು. ಒಂದೂವರೆ ಪಟ್ಟು ವೇಗ, ಪುಕ್ಕಟೆ! 2000ದ ಹೊತ್ತಿನ ಎಎಂಡಿ ಡ್ಯೂರಾನ್ ಚಿಪ್‌ಗಳ ಮೇಲಿನ ಸಣ್ಣ ಚುಕ್ಕಿಗಳ ನಡುವೆ ಪೆನ್ಸಿಲ್ ಗೀರೆಳೆದು ಬೀಗ ತೆಗೆಯುತ್ತಿದ್ದವರೂ ಇದ್ದರು.

ಅದು ಸಾಧ್ಯವಾಗುತ್ತಿದ್ದುದಕ್ಕೆ ಕಾರಣವಿದೆ. ಒಂದೇ ಅಚ್ಚಿನ ಚಿಪ್‌ಗಳನ್ನು ಕಂಪನಿ ಪರೀಕ್ಷಿಸಿ ಬೇರೆ ಬೇರೆ ವೇಗದ ಹೆಸರಿನಲ್ಲಿ ಮಾರುತ್ತದೆ. ಅಗ್ಗದ್ದಕ್ಕೆ ಗಿರಾಕಿ ಹೆಚ್ಚಾದಾಗ ಗಟ್ಟಿ ಚಿಪ್‌ಗೂ ಸಣ್ಣ ಅಂಕಿಯ ಹಣೆಪಟ್ಟಿ ಹಚ್ಚುತ್ತಿದ್ದರು. ಒಳಗಿನ ಕಸುವು ಸುಮ್ಮನೆ ಉಳಿದಿರುತ್ತಿತ್ತು.

ಈಗ ಆ ಕಸುವನ್ನು ಕಂಪನಿಯೇ ಹಿಂಡಿ ಮಾರುತ್ತಿದೆ. ಇವತ್ತಿನ ಪ್ರೊಸೆಸರ್ ತನ್ನ ಬಿಸಿ, ತಾನು ಎಳೆಯುವ ಕರೆಂಟು ಎರಡನ್ನೂ ನೋಡಿಕೊಂಡು ಕ್ಷಣಕ್ಷಣಕ್ಕೂ ತನ್ನ ವೇಗವನ್ನು ತಾನೇ ಏರಿಸಿಕೊಳ್ಳುತ್ತದೆ. ಇಂಟೆಲ್‌ನ ಕೋರ್ ಐ9-14900ಕೆ ಡಬ್ಬಿಯಿಂದ ತೆಗೆದಾಗಲೇ 6 ಗಿಗಾಹರ್ಟ್ಸ್ ಮುಟ್ಟುತ್ತದೆ, 253 ವ್ಯಾಟ್‌ವರೆಗೂ ಎಳೆಯುತ್ತದೆ. ಇನ್ನು ನಾವು ಏರಿಸುವುದಕ್ಕೆ ಉಳಿದಿರುವುದಾದರೂ ಏನು? ಇದೇ 13 ಮತ್ತು 14ನೇ ಪೀಳಿಗೆಯ ದೊಡ್ಡ ಚಿಪ್‌ಗಳು ಹೆಚ್ಚಿನ ವೋಲ್ಟೇಜಿನಿಂದ ಸವೆದು ತೊಂದರೆ ಕೊಡುತ್ತಿವೆ ಎಂದು 2024ರಲ್ಲಿ ಇಂಟೆಲ್ ಒಪ್ಪಿಕೊಂಡು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಬೇಕಾಯಿತು. ಮಾಡಿದವರೇ ಅಂಚಿನವರೆಗೆ ಹೋಗಿ ಎಡವಿದ ದಾರಿಯಲ್ಲಿ ನಾವು ಓಡಬೇಕೇ?

ಲೆಕ್ಕ ನೋಡಿ. ಚಿಪ್ ತಿನ್ನುವ ವಿದ್ಯುತ್ತು ಹೆಚ್ಚುಕಡಿಮೆ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಸರಿಯಾಗಿ ಏರುತ್ತದೆ. ವೇಗ ಶೇಕಡಾ 10 ಏರಿಸಲು ವೋಲ್ಟೇಜೂ ಶೇಕಡಾ 10 ಏರಿಸಬೇಕಾಯಿತು ಅನ್ನಿ. 1.1ನ್ನು ಮೂರು ಸಲ ಗುಣಿಸಿ, 1.33. ಅಂದರೆ ಹತ್ತು ಪೈಸೆ ಕೆಲಸಕ್ಕೆ ಮೂವತ್ಮೂರು ಪೈಸೆ ಖರ್ಚು! ಎರಡನ್ನೂ ಶೇಕಡಾ 10 ಇಳಿಸಿದರೆ 0.73. ಹತ್ತು ಬಿಟ್ಟುಕೊಟ್ಟರೆ ಇಪ್ಪತ್ತೇಳು ಉಳಿತಾಯ.

ನಮ್ಮ ಉದ್ಯಮಬಾಗದ ವರ್ಕ್‌ಶಾಪಿನವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಐದು ಎಚ್‌ಪಿ ಮೋಟಾರಿನ ಮೇಲೆ ಏಳೂವರೆ ಎಚ್‌ಪಿ ಲೋಡ್ ಹಾಕಿದರೆ ತಿರುಗುತ್ತದೆಯೇ ಎಂದು ಕೇಳಿ ನೋಡಿ. "ತಿರಗ್ತದರಿ, ವೈಂಡಿಂಗ್ ಸುಡೂತನಕ" ಅಂತಾರೆ.

"ಬೆಳಗಾವಿ ತಂಪು ಊರು, ಇಲ್ಲಿ ನಡೆಯುತ್ತದೆ" ಅನ್ನುವವರಿದ್ದಾರೆ. ಡಿಸೆಂಬರಿನ ರಾತ್ರಿ ನಡೆಯುತ್ತದೆ, ನಿಜ. ಆದರೆ ಏಪ್ರಿಲ್ ಮಧ್ಯಾಹ್ನ ಇಲ್ಲೂ 35 ಡಿಗ್ರಿ ದಾಟುತ್ತದೆ. ಕೋಣೆ ಎಷ್ಟು ಕಾದಿದೆಯೋ ಚಿಪ್ ಕೂಡ ಅಷ್ಟು ಹೆಚ್ಚು ಕಾಯುತ್ತದೆ. ಚಳಿಗಾಲದಲ್ಲಿ ಪಾಸಾದ ಸೆಟ್ಟಿಂಗು ಬೇಸಿಗೆಯಲ್ಲಿ ಕೈಕೊಟ್ಟರೆ ಕಂಪ್ಯೂಟರ್ ನಿಂತುಹೋದರೆ ಪುಣ್ಯ. ನಿಲ್ಲದೆ ತಪ್ಪು ಲೆಕ್ಕ ಮಾಡುತ್ತ ಹೋದರೆ? ಪ್ರಾಜೆಕ್ಟ್ ಫೈಲು, ಅಜ್ಜಿಯ ಫೋಟೋ ಡಿಸ್ಕಿನ ಮೇಲೆ ಕೆಟ್ಟು ಕೂತಿರುತ್ತವೆ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಅದೂ ಅಲ್ಲದೆ ಓವರ್‌ಕ್ಲಾಕಿಂಗಿನಿಂದ ಆದ ಹಾನಿಗೆ ವಾರಂಟಿ ಸಿಗುವುದಿಲ್ಲ.

ಕರೆಂಟಿನ ಮಾತೂ ಇದೆ. 100 ವ್ಯಾಟ್ ಹೆಚ್ಚು, ದಿನಕ್ಕೆ ಐದು ತಾಸು ಅಂದರೆ ತಿಂಗಳಿಗೆ 15 ಯೂನಿಟ್. 2023ರಲ್ಲಿ ಬಂದ ಗೃಹಜ್ಯೋತಿಯ ಲೆಕ್ಕದಲ್ಲಿ ಹಳೆಯ ಸರಾಸರಿ 100 ಯೂನಿಟ್ ಇದ್ದ ಮನೆಗೆ ಉಚಿತ 110. ಮಗನ ಓವರ್‌ಕ್ಲಾಕಿಂಗ್ ಒಂದೇ ಸಾಕು, ಹೆಸ್ಕಾಂ ಬಿಲ್ ಬರಲು! ಖಾನಾಪುರದ ಕಡೆ ಮಳೆ ಹಿಡಿದಾಗ ಕರೆಂಟ್ ಹೋಗಿ, ಯುಪಿಎಸ್ ಮೇಲೆ ಕೂತು ಫೈಲ್ ಉಳಿಸಿಕೊಳ್ಳುವವರಿಗೆ ಒಂದೊಂದು ವ್ಯಾಟೂ ನಿಮಿಷದ ಲೆಕ್ಕ.

ಹಾಗಾದರೆ ಯಾವುದು ತಗೊಳ್ಳಬೇಕು? ಒಂದು ಉದಾಹರಣೆ ಕೊಡುತ್ತೇನೆ. ಎಎಂಡಿ ರೈಜನ್ 5 7600 ಮತ್ತು 7600ಎಕ್ಸ್. ಎರಡಕ್ಕೂ ಆರು ಕೋರ್. ಗರಿಷ್ಠ ವೇಗ 5.1 ಮತ್ತು 5.3 ಗಿಗಾಹರ್ಟ್ಸ್, ಬರೀ ಶೇಕಡಾ 4ರ ಅಂತರ. ವಿದ್ಯುತ್ತಿನ ಹಣೆಪಟ್ಟಿ ಮಾತ್ರ 65 ಮತ್ತು 105 ವ್ಯಾಟ್. 7600ರ ಡಬ್ಬಿಯಲ್ಲೇ ಕೂಲರ್ ಬರುತ್ತದೆ, ಎಕ್ಸ್‌ಗೆ ಬೇರೆ ಕೊಳ್ಳಬೇಕು. ಇಂಟೆಲ್‌ನಲ್ಲಾದರೆ ಓವರ್‌ಕ್ಲಾಕಿಂಗಿಗೆ ಕೆ ಅಕ್ಷರದ ಚಿಪ್ಪೂ ಬೇಕು, ದುಬಾರಿ ಝಡ್ ಬೋರ್ಡೂ ಬೇಕು. ಆ ದುಡ್ಡು ಉಳಿಸಿ 16 ಜಿಬಿ ರ‍್ಯಾಮ್, ಒಳ್ಳೆಯ ಎಸ್‌ಎಸ್‌ಡಿ, ನಂಬಿಕೆಯ ಎಸ್‌ಎಂಪಿಎಸ್, ಒಂದು ಯುಪಿಎಸ್ ತಗೊಳ್ಳಿ. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಏರಿದ ಮೇಲಂತೂ ಈ ಮಾತು ಇನ್ನಷ್ಟು ಖರೆ. ಕನ್ನಡದಲ್ಲಿ ಟೈಪ್ ಮಾಡಲು, ಕೋಡ್ ಬರೆಯಲು, ಬ್ರೌಸರಿನಲ್ಲಿ ಮೂವತ್ತು ಪುಟ ತೆರೆದಿಡಲು ಬೇಕಾದ್ದು ಇವೇ.

ಹಾಗಂತ ಕುತೂಹಲಕ್ಕೆ ಬೀಗ ಹಾಕಿ ಅನ್ನುವವನು ನಾನಲ್ಲ. ಬಯಾಸ್ ತೆರೆದು ನೋಡುವ ಹುಡುಗ ಕಲಿಯುವುದು ಯಾವ ಪಠ್ಯದಲ್ಲೂ ಸಿಗುವುದಿಲ್ಲ. ಅಟ್ಟದ ಮೇಲಿನ ಹಳೆಯ ಮಷೀನ್ ಇಳಿಸಿ ಕೊಡಿ, ಬೇಕಾದಷ್ಟು ಏರಿಸಲಿ, ಸುಟ್ಟರೆ ಸುಡಲಿ. ಹೊಸದರಲ್ಲಿ ಇಕೋ ಮೋಡ್ ಹಾಕಿ, ವೇಗ ಎಷ್ಟು ಇಳಿಯಿತು, ಬಿಸಿ ಎಷ್ಟು ಇಳಿಯಿತು ಎಂದು ಅಳೆದು ಬರೆದಿಡಲಿ. ಫ್ಯಾನಿನ ಸದ್ದು ಅಡಗಿದಾಗ ಅಪ್ಪನಿಗೂ ತಿಳಿಯುತ್ತದೆ, ಮಗ ಏನೋ ಕಲಿತಿದ್ದಾನೆ ಅಂತ.

ನೀವೇನಂತೀರಿ?